ಕಚ್ಚಿಟ್ಟ ರೊಟ್ಟಿ

ವರ್ಷದ ಕೊನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ಬಿಸಿ ರೊಟ್ಟಿಗಾಗಿ ಅಂಗಡಿಯ ಮುಂದೆ ಹದಿನೈದು ಜನ ಕಾದು ನಿಂತಿರುವಾಗ, ಉಸ್ತಾ ಹೋಶಿಮ್ ತನ್ನದೇ ತಂದೂರಿನ ಬಾಯಲ್ಲಿ ಸಿಕ್ಕಿಹಾಕಿಕೊಂಡ.

ಕೋಕಂದ್ ಪಟ್ಟಣದ ರೊಟ್ಟಿ ಅಂಗಡಿಗಳಲ್ಲಿ ತಂದೂರನ್ನು ಎದೆಯೆತ್ತರದ ಕಟ್ಟೆಯ ಮೇಲೆ ಅಡ್ಡ ಮಲಗಿಸಿರುತ್ತಾರೆ. ಉಸ್ತಾ, ಅಂದರೆ ಕಸುಬಿನಲ್ಲಿ ಪಳಗಿದ ರೊಟ್ಟಿಗಾರ, ಹಸಿ ರೊಟ್ಟಿಯನ್ನು ದುಂಡನೆಯ ಮೆತ್ತೆಯ ಮೇಲಿಟ್ಟುಕೊಂಡು ಸೊಂಟದವರೆಗೆ ಒಳಗೆ ನುಗ್ಗಿ, ಮೇಲ್ಗೋಡೆಗೆ ರಪ್ಪೆಂದು ಅಂಟಿಸಿ, ಒಂದೇ ಉಸಿರಿಗೆ ಹೊರಗೆ ಬರಬೇಕು. ಈ ತಂದೂರನ್ನು ಕಟ್ಟಿದವನು ಹೋಶಿಮ್‌ನ ಅಪ್ಪ. ಅದರ ಬಾಯನ್ನು ಆತ ತನ್ನ ಮೈಯಳತೆಗೆ ಮಾಡಿಕೊಂಡಿದ್ದ. ಆತನೋ ಒಣಗಿದ ಹತ್ತಿಕಡ್ಡಿಯ ಹಾಗಿದ್ದ. ಮಗನ ಹೊಟ್ಟೆ ಮೂವತ್ತು ವರ್ಷಗಳಿಂದ ವರ್ಷಕ್ಕಿಷ್ಟು ಅಂತ ಆ ಬಾಯಿಯ ಅಂಚಿಗೆ ಹತ್ತಿರ ಬರುತ್ತಾ ಇತ್ತು. ಆ ದಿನ ಬಂದು ಮುಟ್ಟಿತು.

"ಕೋಜಿಮ್! ಎಳಿಯೋ!" ಎಂದು ತಂದೂರಿನೊಳಗಿಂದ ಗುಡಾಣದಲ್ಲಿ ಕೂಗಿದಂಥ ದನಿ ಬಂತು.

ಕೋಜಿಮ್ ಅವನ ಹೆಂಡತಿಯ ತಮ್ಮ. ಅಂಗಡಿಯಲ್ಲಿ ಹಿಟ್ಟು ನಾದುವವನು. ಸಣಕಲು ಆಳು, ಒಳ್ಳೆಯವನು, ಗಡಿಬಿಡಿಯವನು. ಓಡಿಬಂದು ಭಾವನ ಎರಡೂ ಕಾಲು ಹಿಡಿದುಕೊಂಡ.

"ಯಾವ ಕಡೆಗೆ, ಭಾವ?"

"ನಿನ್ನ ತಲೆ! ಹಿಂದಕ್ಕೆ!"

ಸರದಿಯಲ್ಲಿದ್ದ ಕ್ಷೌರದವನೂ ಬಂದು ಕೈ ಹಾಕಿದ. ಇಬ್ಬರೂ ಜಗ್ಗಿದಾಗ ಬೆಲ್ಟು ಕಿತ್ತುಬಂತು, ಅದರ ಹಿಂದೆ ಉಸ್ತಾ ಬಂದ. ಹುಬ್ಬುಗಳೆರಡೂ ಸುಟ್ಟು ಮಾಯವಾಗಿದ್ದವು. ಮುಖ ಬೆಂದ ಬೀಟ್‌ರೂಟಿನ ಹಾಗಿತ್ತು. ಆದರೂ ಕೈಯಲ್ಲಿದ್ದ ರೊಟ್ಟಿಯನ್ನು ಮಾತ್ರ ಗೋಡೆಗೆ ಅಂಟಿಸಿಯೇ ಬಂದಿದ್ದ.

"ನಗಬೇಡಿ. ಒಳಗಿರೋ ರೊಟ್ಟಿ ತೆಗೀರಿ, ಹೊತ್ತಿಹೋಗುತ್ತೆ," ಎಂದ.

ಪಕ್ಕದ ಮನೆಯ ಇನೋಬತ್ ಖಾಲಾ ಸರದಿಯ ಮುಂದೆಯೇ ಇದ್ದಳು. ಎಪ್ಪತ್ತರ ಹೆಂಗಸು, ಬೀದಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಮೊಹಲ್ಲಾದ ಸುದ್ದಿಯೆಲ್ಲ ಮೊದಲು ಅವಳ ಬಾಯಿಗೆ ಬಂದೇ ಮುಂದೆ ಹೋಗುತ್ತಿತ್ತು. "ದೇವರು ಕಾಪಾಡಿದ, ಹೋಶಿಮ್. ನಿಮ್ಮಪ್ಪನ ತಂದೂರಿಗೆ ನಿನ್ನ ಮೇಲೆ ಎಷ್ಟು ಪ್ರೀತಿ ನೋಡು, ಬಿಡಕ್ಕೇ ಮನಸ್ಸಿಲ್ಲ," ಅಂದಳು. ಹದಿನೈದು ಜನ ನಕ್ಕರು.

ಆ ಸಂಜೆ ಹೋಶಿಮ್ ಹಬ್ಬದೂಟಕ್ಕೆ ಕೂತ, ಆದರೆ ನಗಲಿಲ್ಲ. ತಂದೂರಿನೊಳಗೆ ಕೈ ಹಾಕಲಾರದವನು ರೊಟ್ಟಿ ಮಾರುವವನಾಗಬಹುದು, ಉಸ್ತಾ ಆಗಲಾರ. ಅದು ಅವನಿಗೂ ಗೊತ್ತು, ಊರಿಗೂ ಗೊತ್ತು.

ಮಾರನೆಯ ಬೆಳಿಗ್ಗೆ, ಹೊಸ ವರ್ಷದ ಮೊದಲ ದಿನ, ಅವನ ಹೆಂಡತಿ ಮಸ್ತೂರಾ ಒಂದು ಹಗ್ಗ ತಂದಳು. ಆರಿದ ತಂದೂರಿನ ಬಾಯಿಯ ಸುತ್ತಳತೆ ತೆಗೆದು ಹಗ್ಗಕ್ಕೆ ಗಂಟು ಹಾಕಿದ್ದಳು. ಅದನ್ನು ಗಂಡನ ಹೊಟ್ಟೆಗೆ ಸುತ್ತಿದಳು. ಹಗ್ಗದ ತುದಿಗೂ ಗಂಟಿಗೂ ನಡುವೆ ಒಂದು ಗೇಣು, ನಾಲ್ಕು ಬೆರಳು ಉಳಿಯಿತು.

"ಉಸಿರು ಎಳ್ಕೊಳ್ಳಿ."

"ಎಳ್ಕೊಂಡೇ ಇದೀನಿ ಕಣೇ."

"ಬಾಯಿ ಅಗಲ ಮಾಡಿಸಿದ್ರೆ?"

"ಕಾವೆಲ್ಲ ಹೊರಗೆ ಹೋಗುತ್ತೆ. ರೊಟ್ಟಿ ಬೇಯಲ್ಲ, ಬೀದಿ ಬೇಯುತ್ತೆ."

"ಹಾಗಾದ್ರೆ ಇದನ್ನೇ ಕಡಿಮೆ ಮಾಡ್ಬೇಕು," ಎಂದು ಹೊಟ್ಟೆಯನ್ನು ಒಮ್ಮೆ ತಟ್ಟಿದಳು. ಹಿಟ್ಟು ಹದಕ್ಕೆ ಬಂದಿದೆಯೋ ಎಂದು ನೋಡುವವರು ತಟ್ಟುವ ಹಾಗೆಯೇ.

ಅಷ್ಟರಲ್ಲಿ ತಾಷ್ಕೆಂಟ್‌ನಿಂದ ಮಗಳು ನೋದಿರಾಳ ಫೋನ್ ಬಂತು. ಅವಳು ಶಾಲೆಯಲ್ಲಿ ಪಾಠ ಹೇಳುವವಳು, ಅಪ್ಪನಿಗೂ ಹೇಳಿದಳು. ಸಕ್ಕರೆ ಬಿಡು. ಕತ್ತಲಾಗೋ ಮುಂಚೆ ಊಟ ಮುಗಿಸು. ಕೊಬ್ಬು ಮುಟ್ಟಬೇಡ. ದಿನಕ್ಕೆ ಎಂಟು ಸಾವಿರ ಹೆಜ್ಜೆ ನಡಿ.

"ಎಂಟು ಸಾವಿರ ಹೆಜ್ಜೆ ನಡೆದ್ರೆ ತಾಷ್ಕೆಂಟಿಗೇ ಬಂದುಬಿಡ್ತೀನಿ ಮಗಳೇ. ಅಲ್ಲೇ ಪುಲಾವ್ ಮಾಡಿಟ್ಟಿರು."

"ಅಪ್ಪಾ! ತಮಾಷೆ ಬೇಡ. ಪ್ರತೀ ವರ್ಷ ಇದೇ ಆಯ್ತು ನಿಂದು."

ಮಾತು ನಿಜವಾಗಿತ್ತು. ಒಂದು ಹೊಸ ವರ್ಷಕ್ಕೆ ಸೈಕಲ್ ಕೊಂಡಿದ್ದ. ಅದು ಈಗ ಉಗ್ರಾಣದಲ್ಲಿ ನಿಂತು ಈರುಳ್ಳಿ ಜಡೆಗಳನ್ನು ಹೊತ್ತಿದೆ. ಇನ್ನೊಂದು ವರ್ಷ ನಾಲಗೆಯ ಕೆಳಗಿಡುವ ತಂಬಾಕನ್ನು ಬಿಟ್ಟಿದ್ದ. ಮೂರು ದಿನ ಬಿಟ್ಟ, ನಾಲ್ಕನೆಯ ದಿನ ಎರಡು ಪಾಲು ಇಟ್ಟ. ಮತ್ತೊಂದು ವರ್ಷ ಬೆಳಗಿನ ವ್ಯಾಯಾಮ. ಅಂಗಳದಲ್ಲಿ ಒಮ್ಮೆ ಬಗ್ಗಿದವನನ್ನು ನೆಟ್ಟಗೆ ಮಾಡಲು ಕೋಜಿಮ್‌ನನ್ನು ಕರೆಯಬೇಕಾಗಿ ಬಂತು.

ಮಸ್ತೂರಾ ಫೋನ್ ಇಟ್ಟು, ಗಂಡನ ಎದುರು ಕೂತಳು. "ನೋದಿರಾನ ಅಪ್ಪಾ, ಬಾಯಿ ಮಾತಿನ ಆಣೆಯೆಲ್ಲ ನಿಮ್ಮ ಹತ್ರ ನಿಲ್ಲಲ್ಲ. ವಸಂತದ ನವ್ರೂಜ್ ಹಬ್ಬದ ತನಕ ಕೋಜಿಮ್ ತಂದೂರು ನೋಡ್ಕೊಳ್ಲಿ. ಅಷ್ಟರಲ್ಲಿ ಈ ಗಂಟು ಕೂಡಿದ್ರೆ ತಂದೂರು ನಿಮ್ಮದು. ಕೂಡ್ಲಿಲ್ಲ ಅಂದ್ರೆ ಅವನದು, ನೀವು ಗಲ್ಲಾದಲ್ಲಿ ಕೂತ್ಕೊಳ್ಳಿ. ಸುಟ್ಟುಹೋದ ಗಂಡನ ಜೊತೆ ಸಂಸಾರ ಮಾಡಕ್ಕೆ ನನ್ನ ಕೈಲಾಗಲ್ಲ."

ಕೊನೆಯ ಮಾತು ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತು. ಅದನ್ನು ಮುಚ್ಚಲು ಎದ್ದುಹೋಗಿ ಒಂದು ಹೊಸ ರೊಟ್ಟಿ ತಂದಳು.

"ಕಚ್ಚಿ."

ಸೈನ್ಯಕ್ಕೆ ಹೊರಟ ಹುಡುಗ, ಪರದೇಶಕ್ಕೆ ದುಡಿಯಲು ಹೊರಟ ಗಂಡಸು ಹೊಸಿಲು ದಾಟುವ ಮುಂಚೆ ಹೀಗೆ ರೊಟ್ಟಿ ಕಚ್ಚುತ್ತಾರೆ. ಕಚ್ಚಿದ ರೊಟ್ಟಿಯನ್ನು ಮನೆಯವರು ಮೊಳೆಗೆ ತೂಗುಹಾಕುತ್ತಾರೆ. ಹೋದವನು ತಿರುಗಿ ಬಂದು ಅದನ್ನು ತಿಂದು ಮುಗಿಸಬೇಕು. ಅದು ಅವನನ್ನು ಮನೆಗೆ ಎಳೆದು ತರುತ್ತದೆ. ಆ ರೊಟ್ಟಿಯ ಮೇಲೆ ಯಾರೂ ತಮಾಷೆ ಮಾಡುವುದಿಲ್ಲ.

"ನಾನೆಲ್ಲಿಗೆ ಹೋಗ್ತಿದೀನಿ?"

"ದಪ್ಪ ಹೋಶಿಮ್ ಹೋಗ್ತಿದಾನೆ. ತೆಳ್ಳಗಿನವನು ಬಂದು ತಿನ್ಲಿ."

ಹೋಶಿಮ್ ಕಚ್ಚಿದ. ಗಲ್ಲಾದಲ್ಲಿ ಕೂತರೆ ಸದಾ ಕಣ್ಣಿಗೆ ಬೀಳಲಿ ಎಂದು ಅವಳು ರೊಟ್ಟಿಯನ್ನು ಅಂಗಡಿಯ ಕಿಟಕಿಯ ಪಕ್ಕದ ಮೊಳೆಗೆ ಕಟ್ಟಿದಳು. ಆ ಕಿಟಕಿ ಬೀದಿಗೂ ತೆರೆದುಕೊಂಡಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲ ಒಂಬತ್ತು ದಿನ ಹೋಶಿಮ್ ತನಗೇ ನಂಬಿಕೆ ಬಾರದಷ್ಟು ಚೆನ್ನಾಗಿ ನಡೆದುಕೊಂಡ. ಕಲ್ಲುಸಕ್ಕರೆ ಇಲ್ಲದ ಚಹಾ ಕುಡಿದ. ಬೆಳಿಗ್ಗೆ ಕಾಲುವೆಯ ಉದ್ದಕ್ಕೂ ನಡೆದ. ಕುಂಬಳಕಾಯಿ ಸಾರು ಕುಡಿದು, ಕುಡಿದೆ ಅಂತ ಮಗಳಿಗೆ ಫೋನ್ ಮಾಡಿ ಹೇಳಿದ. ತಿನ್ನುವ ಆಸೆಯಾದಾಗಲೆಲ್ಲ ಮೊಳೆಯ ಕಡೆ ನೋಡಿದ. ಹತ್ತನೆಯ ಬೆಳಿಗ್ಗೆ ಹಗ್ಗ ಸುತ್ತಿದಾಗ ಎರಡು ಬೆರಳು ಇಳಿದಿತ್ತು. ಮಸ್ತೂರಾ ಮತ್ತೊಮ್ಮೆ ಅಳೆದಳು. ಇಳಿದೇ ಇತ್ತು. ಆ ದಿನ ಅವಳು ಹಾಡು ಗುನುಗುತ್ತಾ ಅಂಗಳ ಗುಡಿಸಿದಳು.

ಅದೇ ದಿನ ರೊಟ್ಟಿ ಕೊಳ್ಳಲು ಬಂದ ಇನೋಬತ್ ಖಾಲಾ ಕಿಟಕಿಯಲ್ಲಿ ಇಣುಕಿದಳು. ಮೊಳೆಯಲ್ಲಿ ತೂಗುತ್ತಿದ್ದ ರೊಟ್ಟಿಯನ್ನು ನೋಡಿದಳು. ಹಲ್ಲಿನ ಗುರುತನ್ನು ನೋಡಿದಳು. ಹೋಶಿಮ್‌ನ ಮುಂದಿನ ಹಲ್ಲೊಂದು ಇಲ್ಲದ್ದು ಇಡೀ ಮೊಹಲ್ಲಾಕ್ಕೆ ಗೊತ್ತು. ಕಣ್ಣಲ್ಲಿ ನೀರು ತುಂಬಿಕೊಂಡು, ಏನೂ ಕೇಳದೆ, ರೊಟ್ಟಿ ತೆಗೆದುಕೊಂಡು ಹೊರಟುಹೋದಳು.

ಕೇಳುವುದಾದರೂ ಹೇಗೆ? ಐವತ್ತೇಳರ ಗಂಡಸು ಪರದೇಶಕ್ಕೆ ಹೊರಟಿದ್ದಾನೆ ಅಂದರೆ ಹೇಳಿಕೊಳ್ಳಲಾಗದ ಕಷ್ಟವೇ ಇರಬೇಕು. ತಾನಾಗಿ ಹೇಳದವನನ್ನು ಕೇಳಿ ಅವಮಾನ ಮಾಡಬಾರದು. ಸಂಜೆಯ ಹೊತ್ತಿಗೆ ಮೊಹಲ್ಲಾದ ಹೆಂಗಸರೆಲ್ಲ ಒಂದು ಮಾತಿಗೆ ಬಂದಿದ್ದರು: ರೊಟ್ಟಿ ಕಚ್ಚಿ ಆಗಿದೆ, ಟಿಕೆಟ್ ಇನ್ನೂ ಕೈಗೆ ಬಂದಿಲ್ಲ, ಹೋಗುವುದು ಕೊರಿಯಾಕ್ಕೆ. ಕೊರಿಯಾ ಅಂತ ಯಾರು ಸೇರಿಸಿದರೋ ಯಾರಿಗೂ ಗೊತ್ತಿಲ್ಲ.

ಮಾರನೆಯ ದಿನ ಖಾಲಾಳ ಮನೆಯಿಂದ ಹೋಶಿಮ್‌ಗೆ ಊಟದ ಕರೆ ಬಂತು. ಹೊಸ ವರ್ಷದ ಊಟ ಇರಬೇಕು ಅಂದುಕೊಂಡು ಹೋದ. ನಾಲ್ಕು ಚಮಚ ತಿಂದು ಎದ್ದುಬಿಡುವುದು ಅಂತ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ. ತಟ್ಟೆಯ ತುಂಬ ಪುಲಾವ್, ಅದರ ಮೇಲೆ ಕುರಿಯ ಬಾಲದ ಕೊಬ್ಬು ಬೆಣ್ಣೆಯ ಹಾಗೆ ಕರಗುತ್ತಿತ್ತು.

"ಸಾಕು ಖಾಲಾ. ನಾನು ಈಗ ಕಡಿಮೆ ತಿಂತಾ ಇದೀನಿ."

ಖಾಲಾ ಗಂಡನ ಮುಖ ನೋಡಿದಳು. ಗಂಡ ನಿಟ್ಟುಸಿರು ಬಿಟ್ಟ.

"ತಿನ್ನು ಮಗನೇ," ಅಂದಳು ಖಾಲಾ. "ಅಲ್ಲಿ ಇಂಥದ್ದೆಲ್ಲ ಸಿಗಲ್ಲ."

"ಎಲ್ಲಿ?"

"ಅಲ್ಲೇ ಕಣಪ್ಪ," ಎಂದು ಅವಳು ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೂರು ಬೆರಳಲ್ಲಿ ಪುಲಾವಿನ ದೊಡ್ಡ ತುತ್ತನ್ನು ಒತ್ತಿ ಕಟ್ಟಿ ಅವನ ಬಾಯಿಯ ಮುಂದೆ ಹಿಡಿದಳು. ಹಿರಿಯರು ಕೈಯಾರೆ ತಿನ್ನಿಸುವ ತುತ್ತನ್ನು ಬೇಡ ಅಂದ ಮನುಷ್ಯ ಕೋಕಂದ್‌ನಲ್ಲಿ ಇನ್ನೂ ಹುಟ್ಟಿಲ್ಲ. ಹೋಶಿಮ್ ಬಾಯಿ ತೆರೆದ. ಒಂದಾದ ಮೇಲೆ ಒಂದು ಏಳು ತುತ್ತು ಹೋದವು. ಹೊರಡುವಾಗ ಅವಳು ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟಳು.

"ಅಲ್ಲಿ ಚಳಿ ಜಾಸ್ತಿ ಅಂತಾರೆ."

ಮನೆಗೆ ಬರುವ ದಾರಿಯಲ್ಲಿ ಹೋಶಿಮ್ ಆ ಕಾಲುಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದ. ಚಳಿ ಇರುವ, ಪುಲಾವ್ ಸಿಗದ, ಹೆಸರು ಹೇಳಲು ಜನ ಹಿಂಜರಿಯುವ ಜಾಗ ಯಾವುದು? ಸುಟ್ಟಗಾಯಕ್ಕೆ ಮುಲಾಮು ಹಚ್ಚಿಸಿಕೊಳ್ಳಲು ವರ್ಷದ ಕೊನೆಯ ದಿನವೇ ಚಿಕಿತ್ಸಾಲಯಕ್ಕೆ ಹೋಗಿದ್ದ. ಡಾಕ್ಟರಮ್ಮ ಅವನ ತೂಕ ನೋಡಿ, ರಕ್ತ ತೆಗೆದು, ಮುಖ ಗಂಟಿಕ್ಕಿಕೊಂಡು ಏನೋ ಬರೆದುಕೊಂಡಿದ್ದಳು. ರಕ್ತದಲ್ಲಿ ಏನೋ ಸಿಕ್ಕಿದೆ. ಮೊಹಲ್ಲಾಕ್ಕೆಲ್ಲ ಗೊತ್ತಾಗಿದೆ. ತನಗೊಬ್ಬನಿಗೇ ಹೇಳಿಲ್ಲ.

ಮರುದಿನ ಕ್ಷೌರದವನ ಮನೆಯಲ್ಲಿ ಮಾಂಸ ತುಂಬಿ ತಂದೂರಿನಲ್ಲಿ ಬೇಯಿಸಿದ ಸಮ್ಸಾ. ಅದರ ಮರುದಿನ ಬೂಟು ಹೊಲಿಯುವವನ ಮನೆಯಲ್ಲಿ ಹಬೆಯಲ್ಲಿ ಬೇಯಿಸಿದ ಮಾಂಸದ ಕಡುಬು, ಮಂತಿ, ಒಂದೊಂದೂ ಕಂದನ ಮುಷ್ಟಿಯಷ್ಟು. ಆಮೇಲೆ ದಿನಕ್ಕೊಂದು ಮನೆ. ಎಲ್ಲ ಕಡೆಯೂ ಅವನನ್ನು ಬಾಗಿಲಿಗೆ ದೂರದ ಮೇಲು ಜಾಗದಲ್ಲಿ ಕೂರಿಸಿದರು, ಎಲ್ಲರೂ ಕೈಯಾರೆ ತಿನ್ನಿಸಿದರು.

"ಎಷ್ಟು ವರ್ಷದಿಂದ ನಿಮ್ಮ ರೊಟ್ಟಿ ತಿಂದಿದೀವಿ ಉಸ್ತಾ," ಎಂದ ಕ್ಷೌರದವನು. "ಏನಾದ್ರೂ ತಪ್ಪು ಮಾತಾಡಿದ್ರೆ ಮನಸ್ಸಲ್ಲಿ ಇಟ್ಕೋಬೇಡಿ."

ಸಾಯುವವನ ಹತ್ತಿರವಲ್ಲದೆ ಇಂಥ ಮಾತನ್ನು ಯಾರು ಆಡುತ್ತಾರೆ? ಹೋಶಿಮ್ ಅವನನ್ನು ಕ್ಷಮಿಸಿದ. ದುಃಖದಲ್ಲಿ ಇನ್ನೂ ನಾಲ್ಕು ಸಮ್ಸಾ ತಿಂದ. ಸಾಯುವುದಂತೂ ಸಾಯುತ್ತೇನೆ, ಹಸಿದು ಯಾಕೆ ಸಾಯಲಿ ಎಂಬ ಯೋಚನೆಯೂ ಒಳಗೆಲ್ಲೋ ಇತ್ತು.

ಹೆಂಡತಿಗೆ ಹೇಳಲಿಲ್ಲ, ಹೆದರಿಕೊಂಡಾಳು ಅಂತ. ಆದರೆ ಅವಳೂ ನಾಲ್ಕು ದಿನದಿಂದ ಬಾವಿಯ ಹತ್ತಿರ ಅಳುತ್ತಿದ್ದುದು ಅವನಿಗೆ ಗೊತ್ತಿರಲಿಲ್ಲ. ಇನೋಬತ್ ಖಾಲಾ ಬೀದಿಯಲ್ಲಿ ಅವಳನ್ನು ತಬ್ಬಿಕೊಂಡು, "ಧೈರ್ಯವಾಗಿರು ಮಸ್ತೂರಾ. ಎಷ್ಟು ಜನ ಹೆಂಗಸರು ಒಂಟಿಯಾಗಿ ಮನೆ ತೂಗಿಸ್ತಿಲ್ಲ? ನಾವೆಲ್ಲ ಇದೀವಿ," ಅಂದಿದ್ದಳು. ಮಸ್ತೂರಾ ಕೂಡ ರಕ್ತದ ವಿಷಯವೇ ಇರಬೇಕು ಅಂದುಕೊಂಡಳು. ಗಂಡ ತನ್ನಿಂದ ಮುಚ್ಚಿಡುತ್ತಿದ್ದಾನೆ ಅಂದುಕೊಂಡಳು. ಕೈಗೆ ಹಗ್ಗ ತೆಗೆದುಕೊಳ್ಳುವುದನ್ನೇ ಬಿಟ್ಟಳು. ಇಂಥ ಹೊತ್ತಿನಲ್ಲಿ ಯಾರಾದರೂ ಹೊಟ್ಟೆ ಅಳೆಯುತ್ತಾರೆಯೇ?

ಹದಿಮೂರನೆಯ ಊಟ ಮುಗಿದ ದಿನ ಕೋಜಿಮ್ ಕೈಕೈ ಹೊಸೆಯುತ್ತಾ ಗಲ್ಲಾದ ಹತ್ತಿರ ಬಂದು ನಿಂತ. ಅವನೂ ಕಿಟಕಿಯ ರೊಟ್ಟಿ ನೋಡಿದ್ದ. ಅಕ್ಕ ತನಗೂ ಒಂದು ಮಾತು ಹೇಳಲಿಲ್ಲವಲ್ಲ ಅಂತ ಒಳಗೇ ನೊಂದುಕೊಂಡಿದ್ದ.

"ಭಾವ, ಹೇಗೆ ಕೇಳೋದೋ ಗೊತ್ತಾಗ್ತಿಲ್ಲ. ನೀವು ಹೋದ್ಮೇಲೆ ತಂದೂರು..."

"ಹೋದ್ಮೇಲೆ?"

"ಹೌದು ಭಾವ. ಎಲ್ಲರೂ ಒಂದಲ್ಲ ಒಂದಿನ ಹೋಗೋರೇ ಅಲ್ವಾ ಈಗಿನ ಕಾಲದಲ್ಲಿ. ನೀವು ಹೋದ್ಮೇಲೆ ನಾನೇ ನಡೆಸ್ತೀನಿ. ತಿಂಗಳು ತಿಂಗಳು ಅಕ್ಕನಿಗೆ ಹಿಟ್ಟು ಎಣ್ಣೆ ತಂದು ಹಾಕ್ತೀನಿ. ನೀವು ಅಲ್ಲಿ ನಿಶ್ಚಿಂತೆಯಾಗಿರಿ."

"ಎಲೈ ಕಳ್ಳ! ನನ್ನ ಮೈ ಇನ್ನೂ ಬೆಚ್ಚಗಿದೆ ಕಣೋ!" ಎಂದು ಹೋಶಿಮ್ ರೊಟ್ಟಿಗೆ ಅಚ್ಚು ಒತ್ತುವ ಮುಳ್ಳಿನ ಗುಂಡನ್ನು ಎತ್ತಿಕೊಂಡ. ಕೋಜಿಮ್ ಹಿಟ್ಟಿನ ಮೂಟೆಗಳ ಹಿಂದೆ ಮರೆಯಾದ.

ಹೋಶಿಮ್ ಆ ಕೂಡಲೇ ಎದ್ದು ನೆಟ್ಟಗೆ ಚಿಕಿತ್ಸಾಲಯಕ್ಕೆ ನಡೆದ. ಡಾಕ್ಟರಮ್ಮ ಫೆರೂಜಾ ಒಬ್ಬಳೇ ಕೂತು ಚಹಾ ಕುಡಿಯುತ್ತಿದ್ದಳು.

"ಡಾಕ್ಟರಮ್ಮ, ಮುಚ್ಚಿಡಬೇಡಿ. ಇನ್ನೆಷ್ಟು ದಿನ ಇದೆ ನನಗೆ?"

"ಅದು ನಿಮಗೇ ಗೊತ್ತಿರ್ಬೇಕಲ್ಲ ಉಸ್ತಾ. ಟಿಕೆಟ್ ಇರೋದು ನಿಮ್ಮ ಹತ್ರ."

"ಯಾವ ಟಿಕೆಟ್?"

"ಕೊರಿಯಾದ್ದು. ಆರೋಗ್ಯದ ಸರ್ಟಿಫಿಕೇಟ್ ಕೇಳಕ್ಕೆ ತಾನೆ ಬಂದಿರೋದು? ಈ ತೂಕಕ್ಕೆ ಕೊಡಕ್ಕಾಗಲ್ಲ, ಮೊದಲೇ ಹೇಳ್ತಿದೀನಿ."

ಹೋಶಿಮ್ ರೋಗಿಗಳ ಬೆಂಚಿನ ಮೇಲೆ ಕುಸಿದ. ಬೆಂಚು ಕಿರ್ ಎಂದಿತು. "ಹಾಗಾದ್ರೆ ನನ್ನ ರಕ್ತ?"

"ರಕ್ತದಲ್ಲಿ ಏನಿದೆ, ಕೊಬ್ಬಿದೆ, ಸಕ್ಕರೆ ಅಂಚಿಗೆ ಬಂದಿದೆ. ಬಾಯಿ ಕಟ್ಟಿದ್ರೆ ಇನ್ನೂ ಮೂವತ್ತು ವರ್ಷ ಮೊಹಲ್ಲಾಕ್ಕೆ ರೊಟ್ಟಿ ಹಾಕ್ತೀರ."

"ನಾನು ಕೊರಿಯಾಕ್ಕೆ ಹೋಗ್ತೀನಿ ಅಂತ ಯಾರು ಹೇಳಿದ್ದು?"

"ಹೇಳೋದೇನು? ಕಿಟಕೀಲಿ ರೊಟ್ಟಿ ತೂಗ್ತಿದೆಯಲ್ಲ!"

ಹೋಶಿಮ್ ಮನೆಗೆ ಓಡಿದ. ಅವನು ಓಡಿದ್ದನ್ನು ಬೀದಿಯಲ್ಲಿ ನೋಡಿದವರು ಟಿಕೆಟ್ ಬಂದಿರಬೇಕು ಅಂದುಕೊಂಡರು. ಎಲ್ಲವನ್ನೂ ಕೇಳಿ ಮಸ್ತೂರಾ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅಳಲು ಶುರುಮಾಡಿದಳು. ತಲೆವಸ್ತ್ರದಲ್ಲಿ ಮುಖ ಒರೆಸಿಕೊಂಡು ಗಂಡನ ಬೆನ್ನಿಗೆ ಒಂದು ಗುದ್ದು ಗುದ್ದಿದಳು.

"ಯಾಕೆ?"

"ಸಾಯ್ತಿಲ್ಲ ಅಂತ ಮೊದಲೇ ಹೇಳ್ಬಾರ್ದಿತ್ತಾ?"

ಆಮೇಲೆ ಹಗ್ಗ ತಂದಳು. ಗಂಟಿಗೂ ತುದಿಗೂ ನಡುವೆ ಈಗ ಒಂದು ಗೇಣು ಏಳು ಬೆರಳು. ಹೊಸ ವರ್ಷಕ್ಕಿಂತ ಮೂರು ಬೆರಳು ಹೆಚ್ಚು. ಇಬ್ಬರೂ ಆ ಹಗ್ಗವನ್ನೇ ನೋಡುತ್ತಾ ಕೂತರು. ನವ್ರೂಜ್‌ಗೆ ಎರಡು ತಿಂಗಳೂ ಉಳಿದಿರಲಿಲ್ಲ.

"ಬೀದಿಯೋರಿಗೆ ನಿಜ ಹೇಳಿಬಿಡ್ತೀನಿ," ಎಂದ ಹೋಶಿಮ್.

"ಹದಿಮೂರು ಮನೇಲಿ ಹೋಗಿ ಬಾ ಅಂತ ಊಟ ಹಾಕಿಸ್ಕೊಂಡು, ಹನ್ನೊಂದು ಜೊತೆ ಕಾಲುಚೀಲ ತಗೊಂಡು, ನಾನೆಲ್ಲೂ ಹೋಗಲ್ಲ ಅಂತೀರಾ? ನನ್ನ ಮುಖ ಎಲ್ಲಿಟ್ಕೊಳ್ಲಿ? ಇನ್ನು ಹೋಗಲೇಬೇಕು."

"ಕೊರಿಯಾಕ್ಕಾ?"

ಮಸ್ತೂರಾ ಯೋಚಿಸಿದಳು. ಯೋಚಿಸುತ್ತಾ ಯೋಚಿಸುತ್ತಾ ಅವಳ ಮುಖ ನಿಧಾನವಾಗಿ ಅರಳಿತು. ಅದನ್ನು ನೋಡಿ ಹೋಶಿಮ್‌ಗೆ ಗಾಬರಿಯಾಯಿತು.

"ಓಯ್ಷಾ ಅತ್ತೆ ಮನೆಗೆ," ಎಂದಳು.

"ಬೇಡ ಕಣೇ. ಕೊರಿಯಾಕ್ಕೇ ಹೋಗ್ತೀನಿ."

ಓಯ್ಷಾ ಹೋಶಿಮ್‌ನ ಅಪ್ಪನ ಅಕ್ಕ. ಪಾಪ್ ಊರನ್ನು ದಾಟಿ ಬೆಟ್ಟ ಹತ್ತಿ, ಬಸ್ಸು ನಿಲ್ಲುವ ಜಾಗದಿಂದ ಇನ್ನೂ ಒಂದು ಗಂಟೆ ನಡೆದರೆ ಅವಳ ಮನೆ. ಎಂಬತ್ತಮೂರು ವರ್ಷ. ಹತ್ತಿಕಡ್ಡಿಯಂಥ ಮೈ ಆ ಮನೆತನದಲ್ಲಿ ಎಲ್ಲಿಂದ ಬಂತು ಎನ್ನುವುದು ಅವಳ ಅಡುಗೆ ಉಂಡವರಿಗೆಲ್ಲ ಗೊತ್ತು. ಒಂದು ಈರುಳ್ಳಿಯನ್ನು ಮೂರು ದಿನ ಮಾಡುವವಳು. ಅವಳ ಅಂಗಳಕ್ಕೆ ಗುಬ್ಬಿಗಳು ಕೂಡ ಆಸೆ ಇಟ್ಟುಕೊಂಡು ಬರುತ್ತಿರಲಿಲ್ಲ.

ಹೊರಡುವ ದಿನ ಇಡೀ ಮೊಹಲ್ಲಾ ಬೀದಿಗೆ ಬಂತು. ಹೋಶಿಮ್ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. "ಹೋಗಿ ಬರ್ತೀನಿ" ಎಂದಷ್ಟೇ ಎಲ್ಲರಿಗೂ ಹೇಳಿದ. ಕೋಜಿಮ್‌ನನ್ನು ಪಕ್ಕಕ್ಕೆ ಕರೆದು, "ಮೇಲ್ಗೋಡೆಗೆ ಉಪ್ಪುನೀರು ಚಿಮುಕಿಸೋದು ಮರೀಬೇಡ. ರೊಟ್ಟಿ ಬೂದಿಗೆ ಬಿದ್ರೆ ನಾನು ಎಲ್ಲಿದ್ರೂ ಗೊತ್ತಾಗುತ್ತೆ," ಎಂದ. ಕೋಜಿಮ್ ಅಳುತ್ತಾ ಭಾವನನ್ನು ತಬ್ಬಿಕೊಳ್ಳಲು ನೋಡಿದ, ಕೈ ಸುತ್ತಲು ಸಾಲಲಿಲ್ಲ.

ಓಯ್ಷಾ ಅತ್ತೆ ಬಾಗಿಲಲ್ಲೇ ಸೋದರಳಿಯನನ್ನು ಮೇಲಿಂದ ಕೆಳಗೆ ನೋಡಿದಳು.

"ಇದೆಲ್ಲ ನೀನೊಬ್ಬನೇನಾ?"

"ಹೌದು ಅತ್ತೆ."

"ಕೊಡ ಅಲ್ಲಿದೆ. ಹೊಳೆ ಕೆಳಗಿದೆ."

ಅಷ್ಟೇ ಅವಳು ಮಾಡಿದ ಉಪಚಾರ. ಹೊಳೆಗೆ ಇಳಿಯಲು ಇನ್ನೂರು ಮೆಟ್ಟಿಲು, ಹತ್ತಲು ಅಷ್ಟೇ ಆದರೂ ನಾನೂರರ ಹಾಗೆ ಅನ್ನಿಸುತ್ತಿತ್ತು. ದಿನಕ್ಕೆ ಹತ್ತು ಕೊಡ. ಉಳಿದ ಹೊತ್ತು ಬಿದ್ದುಹೋದ ಕಲ್ಲಿನ ಗೋಡೆ ಕಟ್ಟುವುದು, ಅಕ್ರೋಟದ ಮರಗಳ ಒಣರೆಂಬೆ ಸೀಳುವುದು. ಹಗಲು ಹೆಸರುಕಾಳಿನ ಸಾರು, ಸಂಜೆ ಅದೇ ಸಾರು ಇನ್ನಷ್ಟು ನೀರಿನ ಜೊತೆ. ಮೊದಲ ವಾರ ಹೋಶಿಮ್ ಕನಸಿನಲ್ಲೂ ಸಮ್ಸಾ ತಿಂದ. ಒಂದು ದಿನ ಒಣದ್ರಾಕ್ಷಿಯ ಡಬ್ಬಿಗೆ ಕೈ ಹಾಕಿದಾಗ ಪಕ್ಕದ ಕೋಣೆಯಿಂದ ದನಿ ಬಂತು.

"ಹೋಶಿಮ್, ಮುಚ್ಚಳ ಗಟ್ಟಿಯಾಗಿ ಹಾಕು. ಇರುವೆ ಬರುತ್ತೆ."

ಅವನು ಏನನ್ನೂ ತೆಗೆಯದೆ ಮುಚ್ಚಳ ಹಾಕಿದ.

ಓಡಿಹೋಗಬಹುದಿತ್ತು. ಎರಡು ಸಲ ಬಸ್ಸು ನಿಲ್ಲುವ ಜಾಗದವರೆಗೆ ಹೋಗಿಯೂ ಇದ್ದ. ಆದರೆ ಹದಿನೈದು ದಿನಕ್ಕೆ ಕೊರಿಯಾದಿಂದ ಹಿಂತಿರುಗಿದವನನ್ನು ಬೀದಿ ಏನೆನ್ನುತ್ತದೆ? ತನಗೆ ಕೊಟ್ಟುಕೊಂಡ ಮಾತನ್ನು ಅವನು ಎಷ್ಟೋ ಸಲ ಮುರಿದಿದ್ದ, ಅದಕ್ಕೆ ಸಾಕ್ಷಿ ಇರಲಿಲ್ಲ. ಇದಕ್ಕೆ ಹದಿಮೂರು ಮನೆ ಸಾಕ್ಷಿ. ಜೊತೆಗೆ ಮೊಳೆಯಲ್ಲಿ ತೂಗುವ ರೊಟ್ಟಿ, ಅದನ್ನು ದಿನಾ ನೋಡುತ್ತಿರುವ ಮಸ್ತೂರಾ. ಬಸ್ಸಿನವನು ಎರಡು ಸಲವೂ ಹಾರ್ನ್ ಮಾಡಿ ಕಾದು ಹೋದ.

ಐದನೆಯ ವಾರ ಒಂದು ಬೆಳಿಗ್ಗೆ ಹತ್ತು ಕೊಡ ಮುಗಿಸಿದ ಮೇಲೆ, ತಾನು ಮಧ್ಯೆ ಎಲ್ಲೂ ಕೂತೇ ಇರಲಿಲ್ಲ ಎಂಬುದು ಹೋಶಿಮ್‌ಗೆ ತಟ್ಟನೆ ಹೊಳೆಯಿತು. ಹನ್ನೊಂದನೆಯ ಕೊಡಕ್ಕೆ ಹೋದ, ಸುಮ್ಮನೆ. ಅತ್ತೆ ಕಿಟಕಿಯಿಂದ ನೋಡಿದಳು. ಆ ದಿನ ಸಾರಿನಲ್ಲಿ ಒಂದು ಮಾಂಸದ ತುಂಡಿತ್ತು. ಅದು ಬೆರಳುಗುರಿಗಿಂತ ದೊಡ್ಡದಲ್ಲ, ಆದರೂ ಅದು ಅವಳ ಮಟ್ಟಿಗೆ ದೊಡ್ಡ ಹೊಗಳಿಕೆ.

ನವ್ರೂಜ್‌ಗೆ ಎರಡು ದಿನ ಇರುವಾಗ, ಬೀದಿಯ ಏಪ್ರಿಕಾಟ್ ಮರಗಳು ಹೂ ಬಿಟ್ಟಿದ್ದ ಬೆಳಿಗ್ಗೆ, ಹೋಶಿಮ್ ಚೀಲ ಹೊತ್ತು ಮನೆಗೆ ಬಂದ. ಪ್ಯಾಂಟನ್ನು ಅತ್ತೆ ಕೊಟ್ಟ ಸೆಣಬಿನ ದಾರದಿಂದ ಬಿಗಿದಿದ್ದ. ಅಂಗಡಿಯ ಮುಂದೆ ಎಂದಿನ ಸರದಿ ನಿಂತಿತ್ತು. ಇನೋಬತ್ ಖಾಲಾ ಅವನನ್ನು ಮೊದಲು ಗುರುತಿಸಲಿಲ್ಲ. ಗುರುತಿಸಿದವಳು ಎದೆ ಬಡಿದುಕೊಂಡಳು.

"ಅಯ್ಯೋ ಮಗನೇ! ಕೊರಿಯಾದಲ್ಲಿ ನಿನಗೆ ಊಟಾನೇ ಹಾಕ್ಲಿಲ್ವಾ?"

"ಖಾಲಾ, ಕೋಪ ಮಾಡ್ಕೋಬೇಡಿ. ನಾನು ಕೊರಿಯಾಕ್ಕೆ ಹೋಗೇ ಇಲ್ಲ. ಓಯ್ಷಾ ಅತ್ತೆ ಮನೇಲಿದ್ದೆ."

ಸರದಿಯವರೆಲ್ಲ ಅವನ ಕಡೆ ತಿರುಗಿದರು. ಓಯ್ಷಾಳನ್ನು ಹಿರಿಯರೆಲ್ಲ ಬಲ್ಲರು.

"ಎರಡು ತಿಂಗಳಾ?" ಎಂದು ಕೇಳಿದ ಕ್ಷೌರದವನು.

"ಐವತ್ತೊಂದು ದಿನ."

"ದೇವರೇ! ಕೊರಿಯಾನೇ ವಾಸಿ ಇತ್ತಲ್ಲ."

ಹೋಶಿಮ್ ಎಲ್ಲವನ್ನೂ ಹೇಳಿದ, ತಂದೂರಿನ ಮಾತು, ಹಗ್ಗದ ಮಾತು, ತಾನು ಸಾಯುತ್ತಿದ್ದೇನೆಂದು ಕ್ಷೌರದವನನ್ನು ಕ್ಷಮಿಸಿದ್ದು. ನಗು ಬೀದಿಯ ಆ ತುದಿಗೆ ಹೋಗಿ ಈ ತುದಿಗೆ ಬಂತು. ಕ್ಷೌರದವನೊಬ್ಬನೇ, "ಕ್ಷಮಿಸಿದ್ದನ್ನ ವಾಪಸ್ ತಗೋಬೇಡಿ ಉಸ್ತಾ," ಎಂದ.

ಮಸ್ತೂರಾ ನಗಲಿಲ್ಲ. ಹಗ್ಗ ಹಿಡಿದುಕೊಂಡು ಬಂದಳು. ಬೀದಿಯವರೆಲ್ಲರ ಮುಂದೆ ಗಂಡನ ಹೊಟ್ಟೆಗೆ ಸುತ್ತಿದಳು. ತುದಿ ಗಂಟಿಗೆ ಬಂತು, ದಾಟಿತು, ಇನ್ನೂ ಎರಡು ಬೆರಳು ಮುಂದೆ ಹೋಯಿತು. ಅವಳು ಹಗ್ಗವನ್ನು ಮಡಿಚಿ ಜೇಬಿನೊಳಗಿಟ್ಟುಕೊಂಡಳು.

"ತೋರಿಸಿ," ಎಂದಳು.

ಹೋಶಿಮ್ ತೋಳಿಗೆ ಬಟ್ಟೆ ಸುತ್ತಿಕೊಂಡ. ತಲೆಗೆ ಒದ್ದೆ ವಸ್ತ್ರ ಕಟ್ಟಿದ. ಕೋಜಿಮ್ ಹಸಿ ರೊಟ್ಟಿಯನ್ನು ಮೆತ್ತೆಯ ಮೇಲಿಟ್ಟು ಕೊಟ್ಟ, ಅಭ್ಯಾಸಬಲದಿಂದ ಕಾಲುಗಳ ಹತ್ತಿರ ಹೋಗಿ ನಿಂತ. ಹೋಶಿಮ್ ಉಸಿರು ಹಿಡಿದು ಒಳಗೆ ನುಗ್ಗಿದ. ಅಪ್ಪ ಅಲ್ಲಿ ಮೂವತ್ತು ವರ್ಷ ನುಗ್ಗಿ ಬಂದಿದ್ದ. ರಪ್ಪೆಂದು ಸದ್ದಾಯಿತು. ಹೊರಗೆ ಬಂದ. ಅಂಚಿಗೆ ಅಂಗಿ ಕೂಡ ತಾಕಿರಲಿಲ್ಲ.

"ಇನ್ನೊಂದು ಕೊಡು," ಎಂದ. ಆಮೇಲೆ ಇನ್ನೊಂದು. ಸರದಿಯ ಅಷ್ಟೂ ಜನಕ್ಕೆ ಸಾಲುವಷ್ಟು ಅಂಟಿಸುವವರೆಗೆ ಅವನು ನಿಲ್ಲಲಿಲ್ಲ.

ಆಮೇಲೆ ಮೊಳೆಯ ರೊಟ್ಟಿಯನ್ನು ಇಳಿಸಿದರು. ಅದು ಹಂಚಿನ ಹಾಗೆ ಗಟ್ಟಿಯಾಗಿತ್ತು. ಸಕ್ಕರೆ ಇಲ್ಲದ ಹಸಿರು ಚಹಾದಲ್ಲಿ ಅದ್ದಿ ಅದ್ದಿ ಹೋಶಿಮ್ ಪೂರ್ತಿ ತಿಂದ. ಮಸ್ತೂರಾ ಎದುರಿಗೆ ಕೂತು, ಕೊನೆಯ ಚೂರು ಬಾಯಿಗೆ ಹೋಗುವವರೆಗೆ ನೋಡಿದಳು.

ಇನೋಬತ್ ಖಾಲಾ ಆಗಲೇ ಬೆರಳು ಮಡಿಚುತ್ತಿದ್ದಳು. "ಇವತ್ತು ನಮ್ಮನೆ. ನಾಳೆ ಕ್ಷೌರದವನ ಮನೆ. ಹಬ್ಬದ ದಿನ ಬೂಟಿನವನ ಮನೆ. ದೂರದಿಂದ ಬಂದೋನಿಗೆ ಊಟ ಹಾಕ್ದೆ ಇರಕ್ಕಾಗುತ್ತಾ? ಎಲ್ಲಿಂದ ಬಂದ್ರೆ ಏನು, ಬಂದ ತಾನೆ?"

ಹೋಶಿಮ್ ಮಸ್ತೂರಾಳ ಮುಖ ನೋಡಿದ. ಐವತ್ತೊಂದು ದಿನ ಕೊಡ ಹೊತ್ತವನಿಗೆ ಒಂದು ವಿಷಯ ಗೊತ್ತಾಗಿತ್ತು. ಉಣ್ಣುವವನು ಕೂತಿರುತ್ತಾನೆ, ಬಡಿಸುವವನಿಗೆ ಕೂರಲು ಪುರುಸೊತ್ತಿರುವುದಿಲ್ಲ.

"ಖಾಲಾ, ಈ ಸಲ ಎಲ್ಲರೂ ನಮ್ಮನೆಗೆ ಬನ್ನಿ. ಹದಿಮೂರು ಮನೆಯೋರೂ, ಹಬ್ಬದ ದಿನ. ಪುಲಾವ್ ಕೋಜಿಮ್ ಮಾಡ್ತಾನೆ. ಬಿಸಿ ರೊಟ್ಟಿ ನಂದು."

ಹಬ್ಬದ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋಶಿಮ್ ತಂದೂರಿಗೂ ಅಂಗಳಕ್ಕೂ ಓಡಾಡುತ್ತಾ, ಒಬ್ಬರಿಗೆ ರೊಟ್ಟಿ, ಇನ್ನೊಬ್ಬರಿಗೆ ಚಹಾ ಕೊಡುತ್ತಾ, ಇಡೀ ಹೊತ್ತಿನಲ್ಲಿ ಒಂದೇ ತಟ್ಟೆ ತಿಂದ. ಅದೂ ನಿಂತುಕೊಂಡೇ. ಎಲ್ಲ ಚೆನ್ನಾಗಿ ನಡೆಯುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಹೋಶಿಮ್! ಏನೂ ತಿನ್ಲೇ ಇಲ್ವಲ್ಲೋ ನೀನು!" ಇನೋಬತ್ ಖಾಲಾ ಅಂಗಳ ದಾಟಿ ಬರುತ್ತಿದ್ದಳು. ಮೂರು ಬೆರಳಲ್ಲಿ ಗಟ್ಟಿಯಾಗಿ ಕಟ್ಟಿದ ಪುಲಾವಿನ ತುತ್ತು, ಅದರ ತುದಿಯಲ್ಲಿ ಬಾಲದ ಕೊಬ್ಬು ಮಿನುಗುತ್ತಿತ್ತು. ಅವಳ ಹಿಂದೆ ಕ್ಷೌರದವನ ಹೆಂಡತಿ, ಅವಳ ಹಿಂದೆ ಇನ್ನೂ ಇಬ್ಬರು, ಎಲ್ಲರ ಕೈಯಲ್ಲೂ ತುತ್ತು.

ಹೋಶಿಮ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಪಕ್ಕದಲ್ಲಿದ್ದ ಹಸಿ ರೊಟ್ಟಿಯನ್ನು ಎತ್ತಿಕೊಂಡು ಸರ್ರನೆ ತಂದೂರಿನೊಳಗೆ ನುಗ್ಗಿದ.

ಖಾಲಾ ತುತ್ತು ಹಿಡಿದುಕೊಂಡೇ ಅವನ ಕಾಲುಗಳ ಹತ್ತಿರ ಬಂದು ನಿಂತಳು. "ಬಾರೋ ಹೊರಗೆ. ನಾನೇನೂ ಹೋಗಲ್ಲ ಇಲ್ಲಿಂದ."

"ಇನ್ನೊಂದು ರೊಟ್ಟಿ ಕೊಡೋ ಕೋಜಿಮ್!" ಎಂದು ತಂದೂರಿನೊಳಗಿಂದ ಗುಡಾಣದ ದನಿ ಬಂತು. "ಬೇಗ ಕೊಡು!"